ಎರಡನೆಯ ಬ್ರೇಕು

ಸ್ಟೇಪ್ಲರ್ ಕಾರಾಯಿತು. ಪೆನ್ನಿನ ಮುಚ್ಚಳ ಸೈಕಲ್ಲಾಯಿತು. ಟ್ರಾಫಿಕ್ ಠಾಣೆಯ ಅಧಿಕಾರಿ ಟೀ ಲೋಟವನ್ನು ಪಕ್ಕಕ್ಕೆ ಸರಿಸಿ, ಎರಡು ಫೈಲುಗಳ ನಡುವೆ ಗೇಣಗಲದ ರಸ್ತೆ ಮಾಡಿಕೊಂಡು, "ಈಗ ಹೇಳಿ, ಯಾರ್ಯಾರು ಎಲ್ಲೆಲ್ಲಿದ್ರಿ?" ಎಂದರು.

"ನಾನು ಸ್ಟೇಪ್ಲರ್ ಒಳಗೆ," ಎಂದಳು ಊರ ಲೈಬ್ರರಿಯಲ್ಲಿ ಕೆಲಸ ಮಾಡುವಾಕೆ. ಯಾರೂ ನಗಲಿಲ್ಲ.

"ಸ್ಟೇಪ್ಲರ್ ಓಡಿಸ್ತಿದ್ದವರು ನೀವೇ ತಾನೆ?"

"ಹೂಂ. ಕಲೀತಿದ್ದೆ. ಮೇಡಂ ಪಕ್ಕದಲ್ಲಿ ಕೂತಿದ್ರು."

ಮೇಡಂ ಈಗಲೂ ಪಕ್ಕದಲ್ಲೇ ಕೂತಿದ್ದಳು, ಗೋಡೆಗೆ ತಾಗಿಸಿದ್ದ ಬೆಂಚಿನ ತುದಿಗೆ. ಹತ್ತೊಂಬತ್ತು ವರ್ಷಗಳಿಂದ ಅವಳ ಜಾಗವೇ ಅದು, ಓಡಿಸುವವರ ಪಕ್ಕದ ಸೀಟು. ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ ಅವಳ ಕಾಲಡಿಯಲ್ಲೂ ಒಂದು ಬ್ರೇಕು, ಒಂದು ಕ್ಲಚ್ಚು ಇರುತ್ತಿದ್ದವು. ಕಲಿಯಲು ಬರುವವರು ಎದುರಿಗೆ ಮೇಡಂ ಎನ್ನುತ್ತಿದ್ದರು, ಬೆನ್ನ ಹಿಂದೆ ಬ್ರೇಕಮ್ಮ. ಈ ಹೆಸರನ್ನು ಅವಳ ಕಿವಿಗೆ ಹಾಕಿದವಳು ಮಗಳು. ಮಗಳಿಗೆ ಹೇಳಿದವರು ಯಾರೋ, ಅದು ಗೊತ್ತಾಗಲಿಲ್ಲ. ಹೆಸರಿಟ್ಟವರದೇನೂ ತಪ್ಪಿರಲಿಲ್ಲ. ಸಿನಿಮಾ ನೋಡುವಾಗ ಪರದೆಯ ಮೇಲೆ ಕಾರು ಜೋರಾಗಿ ಬಂದರೆ ಅವಳ ಪಾದ ಮುಂದಿನ ಸೀಟನ್ನು ಒತ್ತುತ್ತಿತ್ತು, ಅಲ್ಲಿ ಕೂತವರು ತಿರುಗಿ ನೋಡುತ್ತಿದ್ದರು. ನಿದ್ದೆಯಲ್ಲೂ ಮಂಚದ ಕಾಲುಕಡೆಯ ಹಲಗೆಗೆ ಒದೆ ಬೀಳುತ್ತಿತ್ತು. "ಇವತ್ತು ಯಾವ ಲಾರಿ ನಿಲ್ಲಿಸಿದೆ ಮಾರಾಯ್ತಿ?" ಎಂದು ಗಂಡ ಬೆಳಿಗ್ಗೆ ಕೇಳುತ್ತಿದ್ದ.

ಬೆಂಚಿನ ಇನ್ನೊಂದು ತುದಿಯಲ್ಲಿ ಪೆನ್ನಿನ ಮುಚ್ಚಳದ ಯಜಮಾನರು ಕೂತಿದ್ದರು. ಅರವತ್ತು ದಾಟಿದ, ಸಣಕಲು ಮೈಯ ಗಡಿಯಾರ ರಿಪೇರಿಯವರು. ಬಲಗೈ ಮಣಿಕಟ್ಟಿಗೆ ಪಟ್ಟಿ ಸುತ್ತಿತ್ತು. ಮಧ್ಯಾಹ್ನ ಅವರು ರಸ್ತೆಯಲ್ಲಿ ಬಿದ್ದಾಗ ಮೈ ತಡವಿಕೊಳ್ಳಲಿಲ್ಲ, ತಮ್ಮ ತಗಡಿನ ಡಬ್ಬಿಯಿಂದ ಚೆಲ್ಲಿದ್ದ ಚಿಮುಟ, ಸ್ಕ್ರೂಡ್ರೈವರುಗಳನ್ನು ಹುಡುಕತೊಡಗಿದ್ದರು. ಹೆಂಗಸರಿಬ್ಬರೂ ಮಂಡಿಯೂರಿ ಅವರ ಜೊತೆ ಆರಿಸಿದ್ದರು. ಆಸ್ಪತ್ರೆಯಲ್ಲಿ ಎಕ್ಸ್‌ರೇ ಹಿಡಿದು ಡಾಕ್ಟರು, "ಮೂಳೆಗೇನೂ ಆಗಿಲ್ಲ, ಹತ್ತು ದಿನ ಕೈಗೆ ಕೆಲಸ ಬೇಡ," ಎಂದಾಗ ಲೈಬ್ರರಿಯಾಕೆ ಅಲ್ಲೇ ಕುರ್ಚಿಯ ಮೇಲೆ ಕುಸಿದು ಅತ್ತಿದ್ದಳು. ರೋಗಿ ತಾನೇ ಎದ್ದು ಹೋಗಿ ಅವಳಿಗೆ ನೀರು ತಂದುಕೊಟ್ಟಿದ್ದರು.

"ನೋಡಿ," ಅಧಿಕಾರಿ ಮುಚ್ಚಳವನ್ನು ಸ್ಟೇಪ್ಲರಿನ ಬಾಲಕ್ಕೆ ಟಕ್ಕೆಂದು ಗುದ್ದಿಸಿದರು. "ಹಿಂದಿನಿಂದ ಬಂದು ಗುದ್ದಿದ್ದು ಸೈಕಲ್ಲು. ಮುಂದಿನ ಗಾಡಿ ಯಾವಾಗ ನಿಂತ್ರೂ ನಾವೂ ನಿಲ್ಲಿಸೋಷ್ಟು ದೂರ ಇಟ್ಕೊಂಡಿರಬೇಕು. ಸರೀನಾ ಮೇಡಂ? ನೀವೇ ಕಲಿಸೋರು."

"ಸರಿ," ಎಂದಳು ಅವಳು. ಪ್ರತಿ ತಂಡಕ್ಕೂ ಇದೇ ಮಾತನ್ನು ಇದೇ ದನಿಯಲ್ಲಿ ಹೇಳಿಕೊಟ್ಟವಳು.

"ಆದ್ರೆ ಮುಂದಿನ ಗಾಡಿ ಕಾರಣವೇ ಇಲ್ಲದೆ ನಡುರಸ್ತೇಲಿ ಗಕ್ಕಂತ ನಿಂತಿದ್ರೆ ಆಗ ಕಥೆ ಬೇರೆ. ಯಾಕಮ್ಮ ನಿಲ್ಲಿಸಿದ್ರಿ?"

ಲೈಬ್ರರಿಯಾಕೆ ಕರ್ಚೀಫನ್ನು ಬೆರಳಿಗೆ ಸುತ್ತಿಕೊಂಡಳು. "ಬಿಳೀದೊಂದು ಪ್ಲಾಸ್ಟಿಕ್ ಚೀಲ ಹಾರಿ ಬಂತು ಸರ್. ಬೆಕ್ಕು ಅಂದ್ಕೊಂಡೆ."

"ಚೀಲನ ಬೆಕ್ಕು ಅಂದ್ಕೊಂಡ್ರಾ?"

"ಕಿವಿ ಇತ್ತು ಸರ್. ಅಂದ್ರೆ, ಚೀಲದ ಹಿಡಿ."

ಅಧಿಕಾರಿ ಹಣೆ ಉಜ್ಜಿಕೊಂಡರು. "ಹಾಗಂತ ಬರ್ಕೊಂಡ್ರೆ ತಪ್ಪು ನಿಮ್ಮದಾಗುತ್ತೆ. ಸೋಮವಾರ ಟೆಸ್ಟ್ ಇದೆ ಅಂದ್ರಲ್ಲ, ಅದು ರದ್ದಾಗುತ್ತೆ. ಮತ್ತೆ ಮೊದಲಿಂದ ಅರ್ಜಿ."

"ಆಗಲಿ ಸರ್. ಬರ್ಕೊಳ್ಳಿ. ಸ್ಟೀರಿಂಗು ನಿನಗೆ ಹೇಳಿದ್ದಲ್ಲ ಅಂತ ನಮ್ಮನೆಯವರು ಮೊದಲಿಂದ ಹೇಳ್ತಾನೇ ಇದ್ರು."

ಎಷ್ಟು ಬೇಗ ಒಪ್ಪಿಕೊಂಡುಬಿಟ್ಟಳು! ಎಂದುಕೊಂಡಳು ಮೇಡಂ. ಐವತ್ತೆರಡರ ಈ ಹೆಂಗಸು ಮೂರು ಸಲ ಟೆಸ್ಟಿನಲ್ಲಿ ಫೇಲಾಗಿ ಮತ್ತೆ ಬಂದಿದ್ದಳು. ನಲವತ್ತು ಕಿಲೋಮೀಟರ್ ಆಚೆ ಅವಳ ಅಕ್ಕ ಮಲಗಿದಲ್ಲೇ ಇದ್ದಳು. ಅಕ್ಕನನ್ನು ನೋಡಬೇಕೆಂದರೆ ಭಾನುವಾರ ಗಂಡನ ಮುಖ ನೋಡಿಕೊಂಡು, ಅವನ ಟೀ ಮುಗಿಯುವವರೆಗೂ ಕಾದು, "ಹೋಗೋಣ್ವಾ?" ಎಂದು ಕೇಳಬೇಕಿತ್ತು. "ಕೇಳದೆ ಹೋಗ್ಬೇಕು ಮೇಡಂ, ಒಂದೇ ಒಂದು ಸಲ," ಎಂದಿದ್ದಳು ಮೊದಲ ದಿನ, ಸೀಟ್‌ಬೆಲ್ಟ್ ಎಳೆದುಕೊಳ್ಳುತ್ತ.

"ಸಾರ್, ನಂದೇ ತಪ್ಪು ಅಂತ ಬರೆದುಬಿಡಿ," ಎಂದರು ಗಡಿಯಾರದವರು. "ನಾನು ಹತ್ತಿರ ಇದ್ದಿದ್ದು ನಿಜ. ಕಲಿಯೋರ ಕಾರು, ಮೆಲ್ಲಗೆ ಹೋಗುತ್ತೆ ಅಂತ ಹಿಂದೇನೇ ಹೋಗ್ತಿದ್ದೆ. ಹೆಣ್ಣುಮಕ್ಕಳು, ಪಾಪ."

"ಪಾಪ ಅಂತ ಬರೆಯೋಕೆ ಈ ಫಾರಮ್ಮಲ್ಲಿ ಜಾಗ ಇಲ್ಲ ಯಜಮಾನ್ರೇ. ಏನಾಯ್ತು ಅದನ್ನ ಹೇಳಿ."

ಅವರು ಕಣ್ಣು ಮುಚ್ಚಿದರು. ಕಿವಿಗೆ ಗಡಿಯಾರ ಹಿಡಿದುಕೊಂಡವರಂತೆ ತಲೆ ಸ್ವಲ್ಪ ವಾಲಿತು. "ಕಾರು ಹೋಗ್ತಿತ್ತು. ಕಿಟಕಿ ಇಳಿಸಿದ್ರು. ಗುಂಯ್ ಅಂತ ಒಂದು ಸದ್ದು ಬಂತು, ಜೇನುಹುಳ ಡಬ್ಬಿಯೊಳಗೆ ಸಿಕ್ಕಿಕೊಂಡ ಹಾಗೆ. ಅದೇ ಹೊತ್ತಿಗೆ ಹಿಂದಿನ ಕೆಂಪು ಲೈಟು ಹತ್ತಿತು. ಅದಾದ ಮೇಲೆ ಈ ತಾಯಿ 'ಅಯ್ಯೋ ಬೆಕ್ಕು' ಅಂದ್ರು. ಅಷ್ಟರಲ್ಲಿ ನಾನು ಬಿದ್ದಿದ್ದೆ."

"ಗುಂಯ್ ಅಂದ್ರೆ? ಹಾರ್ನಾ?"

"ಹಾರ್ನಲ್ಲ ಸಾರ್. ಸಣ್ಣ ಸದ್ದು. ಏನೋ ಗೊತ್ತಿಲ್ಲ."

ಅಧಿಕಾರಿ ಲೈಬ್ರರಿಯಾಕೆಯನ್ನು ನೋಡಿದರು. ಆಕೆ ತನಗೆ ಕಾರಿನ ಸದ್ದು ಬಿಟ್ಟು ಏನೂ ಕೇಳಿಸಲಿಲ್ಲ ಎಂದಳು. "ಹೋಗ್ಲಿ ಬಿಡಿ, ನೊಣ ಇರಬಹುದು," ಎಂದು ಅಧಿಕಾರಿ ಬರೆಯಲು ಬಗ್ಗಿದರು.

ಬೆಂಚಿನ ತುದಿಯಲ್ಲಿ ಕೂತಿದ್ದ ಮೇಡಂಗೆ ಬಲಪಾದ ತಣ್ಣಗಾಯಿತು.

ಆ ಸದ್ದು ಎಲ್ಲಿಯದೆಂದು ಆ ಕೋಣೆಯಲ್ಲಿ ಗೊತ್ತಿದ್ದದ್ದು ಅವಳೊಬ್ಬಳಿಗೆ. ಕಾರಿನ ಡ್ಯಾಶ್‌ಬೋರ್ಡಿನ ಕೆಳಗೆ ಬೆಂಕಿಪೊಟ್ಟಣದಷ್ಟು ದೊಡ್ಡ ಬಜರ್ ಒಂದಿತ್ತು. ಪಕ್ಕದ ಸೀಟಿನ ಬ್ರೇಕು ಒತ್ತಿದರೆ ಮಾತ್ರ ಅದು ಗುಂಯ್ಗುಡುತ್ತಿತ್ತು. ಟೆಸ್ಟಿನ ದಿನ ಕಲಿಸಿದವರು ಕದ್ದು ಸಹಾಯ ಮಾಡಿದರೆ ಪರೀಕ್ಷಕರಿಗೆ ತಿಳಿಯಲಿ ಎಂದು ಇಟ್ಟದ್ದು. ಅದನ್ನು ಎಷ್ಟು ಕೇಳಿದ್ದಳೆಂದರೆ, ಮನೆಯ ಫ್ರಿಜ್ಜಿನ ಸದ್ದಿನ ಹಾಗೆ ಅದು ಅವಳ ಕಿವಿಗೆ ಬೀಳುವುದನ್ನೇ ಬಿಟ್ಟಿತ್ತು. ಮಧ್ಯಾಹ್ನದಿಂದ ಅವಳು ತನ್ನಷ್ಟಕ್ಕೆ ನಂಬಿಕೊಂಡದ್ದೂ ಲೈಬ್ರರಿಯಾಕೆಯೇ ನಿಲ್ಲಿಸಿದಳು ಎಂದೇ. ಈಗ ಎಲ್ಲ ಕ್ರಮವಾಗಿ ಕಣ್ಣೆದುರು ಬಂತು. ಚೀಲ ಹಾರಿ ಬಂದದ್ದು. ಅದು ಚೀಲ ಎಂದು ಅವಳಿಗೆ ಸ್ಪಷ್ಟವಾಗಿ ಕಂಡದ್ದು. ಈಕೆ ಈಗ ಗಾಬರಿಯಾಗುತ್ತಾಳೆ ಎಂದು ಅನ್ನಿಸಿದ್ದು. ಆಮೇಲೆ ಕಾಲು.

ಕಳೆದ ತಿಂಗಳು ಮಗಳು ಊಟದ ನಡುವೆ ಏನೋ ಹೇಳಲು ಹೊರಟು, ಅವಳ ಮುಖ ನೋಡಿ ನಿಲ್ಲಿಸಿಬಿಟ್ಟಿದ್ದಳು. "ಅಮ್ಮಾ, ನಾನಿನ್ನೂ ಬಾಯಿ ಬಿಟ್ಟಿಲ್ಲ, ನಿನ್ನ ಕಾಲು ಆಗಲೇ ಕೆಳಗೆ ಹೋಯ್ತು," ಎಂದು ನಕ್ಕಿದ್ದಳು. ಹೇಳಬೇಕೆಂದಿದ್ದನ್ನು ಮಾತ್ರ ಹೇಳಲೇ ಇಲ್ಲ.

ಸುಮ್ಮನಿದ್ದರೆ ಮುಗಿದುಹೋಗುತ್ತದೆ. ಒಬ್ಬರಿಗಿಬ್ಬರು ತಪ್ಪನ್ನು ಹೊರಲು ಕೈಚಾಚಿ ಕೂತಿದ್ದಾರೆ. ಬಾಯಿಬಿಟ್ಟರೆ ಕಲಿಸುವ ಪರವಾನಗಿಗೆ ಆರು ತಿಂಗಳ ತಡೆ ಬೀಳಬಹುದು, ಹತ್ತೊಂಬತ್ತು ವರ್ಷದಲ್ಲಿ ಒಂದು ಚುಕ್ಕೆಯೂ ಬೀಳದ ಪರವಾನಗಿ. ಪೆನ್ನು ಕಾಗದದ ಮೇಲೆ ಓಡುವ ಸದ್ದು ಕೇಳಿಸುತ್ತಿತ್ತು.

"ಸರ್, ನಿಲ್ಲಿಸಿ," ಎಂದಳು. ಬೀದಿಯಲ್ಲಿ ಕಲಿಯುವವರಿಗೆ ಹೇಳುವ ದನಿಯೇ ಬಂದುಬಿಟ್ಟಿತು. ಅಧಿಕಾರಿಯ ಪೆನ್ನು ಗಕ್ಕನೆ ನಿಂತಿತು. "ಬ್ರೇಕ್ ಒತ್ತಿದ್ದು ನಾನು."

ಮೂವರೂ ಅವಳ ಕಡೆ ತಿರುಗಿದರು.

"ಆ ಗುಂಯ್ ಸದ್ದು ನನ್ನ ಬ್ರೇಕಿಂದು. ಅದು ಚೀಲ ಅಂತ ನಂಗೆ ಗೊತ್ತಿತ್ತು. ಇವರು ಗಾಬರಿಯಾಗ್ತಾರೆ ಅಂತ ಒತ್ತಿದೆ. ಇವರಿನ್ನೂ ಗಾಬರಿಯೇ ಆಗಿರಲಿಲ್ಲ. ಕನ್ನಡಿಲಿ ಹಿಂದೆ ಯಾರಿದ್ದಾರೆ ಅಂತ್ಲೂ ನೋಡಲಿಲ್ಲ."

ಅಂಗಳಕ್ಕೆ ಹೋಗಿ ನೋಡೋಣ ಎಂದರು ಅಧಿಕಾರಿ. ಕಾರು ಬಿಸಿಲಲ್ಲಿ ನಿಂತಿತ್ತು, ಹಿಂದಿನ ಬಂಪರಿನಲ್ಲಿ ಹಸ್ತದಗಲದ ತಗ್ಗು. ಅಧಿಕಾರಿ ಅವಳ ಸೀಟಿನಲ್ಲಿ ಕಷ್ಟಪಟ್ಟು ಕೂತು, ಬೂಟುಗಾಲಿನಿಂದ ಒತ್ತಿದರು. ಗುಂಯ್.

"ಇದೇ," ಎಂದರು ಗಡಿಯಾರದವರು, ಕಳೆದುಹೋದ ನೆಂಟ ಸಿಕ್ಕಿದ ಖುಷಿಯಲ್ಲಿ. "ಸ್ವಲ್ಪ ಕರಕರ ಅಂತಿದೆ, ಒಳಗೆ ಧೂಳು. ಬಿಚ್ಚಿದ್ರೆ ಸರಿಯಾಗುತ್ತೆ."

ಅವಳೂ ಕೇಳಿಸಿಕೊಂಡಳು. ಎಷ್ಟೋ ವರ್ಷದ ಮೇಲೆ, ಹೊಸದಾಗಿ. ಇಷ್ಟು ಜೋರಾಗಿದೆಯೆ ಇದು?

ಲೈಬ್ರರಿಯಾಕೆಯ ಮುಖದಲ್ಲಿ ಮೊದಲು ಬೆಳಕು ಮೂಡಿತು, ಹಿಂದೆಯೇ ಒಂದು ಅನುಮಾನ. "ಹಾಗಾದ್ರೆ ನಾನು ನಿಲ್ಲಿಸಲೇ ಇಲ್ವಾ? ಈ ಗುಂಯ್ ಅನ್ನೋದು ಕಾರಿನ ಮಾಮೂಲಿ ಸದ್ದು ಅಂತಿದ್ದೆ. ತಡೀರಿ ಮೇಡಂ. ಈ ಎರಡು ತಿಂಗಳಲ್ಲಿ ಎಷ್ಟು ಚೆನ್ನಾಗಿ ನಿಲ್ಲಿಸ್ತಿದ್ದೀನಿ ಅಂತ ಅಂದ್ಕೊಂಡಿದ್ದೆನಲ್ಲ, ಅದೆಲ್ಲ ಯಾರದು?"

"ಅರ್ಧ ನಿಮ್ಮದು," ಎಂದಳು ಮೇಡಂ. "ಅರ್ಧಕ್ಕಿಂತ ಸ್ವಲ್ಪ ಜಾಸ್ತೀನೇ ಇರಬಹುದು. ನಾನು ಬಿಟ್ಟು ನೋಡಿದ್ರೆ ತಾನೆ ಗೊತ್ತಾಗೋದು."

ಆಕೆ ಹುಬ್ಬು ಗಂಟಿಕ್ಕಿ ನೋಡಿದಳು. ಆಮೇಲೆ ತಡೆಯಲಾಗದೆ ನಕ್ಕಳು. ಆ ನಗು ಅಂಗಳದಲ್ಲಿದ್ದ ಎಲ್ಲರಿಗೂ ಹತ್ತಿತು, ಅಧಿಕಾರಿಯೂ ಸೀಟಿನಿಂದ ಹೊರಬರಲು ಒದ್ದಾಡುತ್ತಲೇ ನಕ್ಕರು.

ಒಳಗೆ ಬಂದು ಅವರು ಬರೆದದ್ದನ್ನು ಹರಿದು ಹೊಸ ಫಾರಂ ತೆಗೆದರು. ಗಡಿಯಾರದವರು ದೂರು ಕೊಡುವುದಿಲ್ಲ ಎಂದು ಎಡಗೈಯಲ್ಲಿ ಸೊಟ್ಟಗೆ ಸಹಿ ಹಾಕಿದರು. ಅಧಿಕಾರಿ ಬಹಳ ಹೊತ್ತು ಯೋಚಿಸಿ, ಪರವಾನಗಿಗೆ ತಡೆ ಹಾಕುವುದಿಲ್ಲ, ಎಚ್ಚರಿಕೆ ಅಂತ ಬರೆಯುತ್ತೇನೆ ಎಂದರು. "ಆದ್ರೆ ತಪ್ಪು ಮಾಡಿದ ಡ್ರೈವರುಗಳಿಗೆ ಶನಿವಾರ ಆರ್‌ಟಿಒ ಕಚೇರೀಲಿ ಅರ್ಧ ದಿನ ಪಾಠ ಇರುತ್ತೆ. ಹೋಗಿ ಕೂರಬೇಕು."

"ಆ ಪಾಠ ಮಾಡೋದು ನಾನೇ ಸರ್."

ಅಧಿಕಾರಿ ಪೆನ್ನಿಗೆ ಮುಚ್ಚಳ ಹಾಕಿದರು. "ಹಾಗಾದ್ರೆ ಈ ಸಲ ನೀವು ಹೇಳೋದನ್ನ ನೀವೂ ಸ್ವಲ್ಪ ಕೇಳಿಸ್ಕೊಳ್ಳಿ."

ಟೆಸ್ಟು ಸೋಮವಾರಕ್ಕೇ ಉಳಿಯಿತು. ಹೊರಗೆ ಬಂದಾಗ ಮೇಡಂಗೆ ಹೊಟ್ಟೆ ಹಸಿದಿದೆ ಎಂಬುದು ಬೆಳಿಗ್ಗೆಯಿಂದ ಮೊದಲ ಬಾರಿಗೆ ಅರಿವಾಯಿತು. ಸಂಜೆ ಮನೆಗೆ ಹೋದವಳೇ ಮಗಳ ಎದುರು ಕೂರಬೇಕು, ಏನೂ ಕೇಳದೆ ಸುಮ್ಮನೆ ಕೂರಬೇಕು ಅನ್ನಿಸಿತು. ಬೀಗದ ಕೈಯನ್ನು ಲೈಬ್ರರಿಯಾಕೆಯ ಕೈಯಲ್ಲಿಟ್ಟಳು.

"ಈಗಲೇನಾ ಮೇಡಂ?"

"ಈಗಲೇ. ಇವರನ್ನ ಅಂಗಡಿಗೆ ಬಿಡೋದು ಬೇಡವಾ?"

ಸೊಟ್ಟಗಾಗಿದ್ದ ಮುಂದಿನ ಚಕ್ರವನ್ನು ಬಿಚ್ಚಿ ಸೈಕಲ್ಲನ್ನು ಡಿಕ್ಕಿಯಲ್ಲಿ ತುರುಕಿದರು. ಚಕ್ರವನ್ನು ತೊಡೆಯ ಮೇಲಿಟ್ಟುಕೊಂಡು ಗಡಿಯಾರದವರು ಹಿಂದಿನ ಸೀಟಿನಲ್ಲಿ ಕೂತರು. "ನನ್ನ ಹಿಂದೆ ಯಾರೂ ಹತ್ತಿರ ಬರದಿದ್ರೆ ಸಾಕಪ್ಪ," ಎಂದು ತಾವೇ ನಕ್ಕರು.

ಕಾರು ಠಾಣೆಯ ಗೇಟು ದಾಟಿತು. ಮಾರುಕಟ್ಟೆಯ ರಸ್ತೆಗೆ ತಿರುಗಿತು. ತರಕಾರಿ ಗಾಡಿ, ಶಾಲೆ ಬಿಟ್ಟ ಮಕ್ಕಳು, ಮಧ್ಯಕ್ಕೆ ಬಂದು ಮನಸ್ಸು ಬದಲಾಯಿಸಿದ ಒಂದು ನಾಯಿ. ಪ್ರತಿಸಲವೂ ಮೇಡಂಗೆ ತೊಡೆಯ ನರ ಬಿಗಿಯಿತು. ಪ್ರತಿಸಲವೂ ಲೈಬ್ರರಿಯಾಕೆ ಕನ್ನಡಿ ನೋಡಿದಳು, ಕಾರನ್ನು ಮೆಲ್ಲಗೆ ಮಾಡಿದಳು, ನಿಲ್ಲಿಸಿದಳು, ಮತ್ತೆ ಹೊರಟಳು. ಸ್ವಲ್ಪ ಜರ್ಕು ಹೊಡೆಯಿತು, ಅಷ್ಟೆ. ಹಿಂದಿನ ಸೀಟಿನಲ್ಲಿ ತಲೆ ವಾಲಿಸಿ ಕೂತಿದ್ದವರು ಕೇಳಿಸಿಕೊಳ್ಳುತ್ತಿದ್ದರು.

"ಆ ಸದ್ದು ಇನ್ನೂ ಬಂದಿಲ್ಲ," ಎಂದರು ಒಮ್ಮೆ, ಯಾರಿಗೋ ಎಂಬಂತೆ.

ದೊಡ್ಡ ವೃತ್ತ ಹತ್ತಿರವಾದಾಗ ಮೇಡಂ ತನ್ನ ಪಾದಗಳನ್ನು ಸೀಟಿನ ಕೆಳಕ್ಕೆ ಎಳೆದುಕೊಂಡಳು. ಕಾರಿನ ತಳದ ತಂಪು ಬೆರಳುಗಳಿಗೆ ತಾಗಿತು. ಮುಂದುಗಡೆ, ಎರಡನೆಯ ಬ್ರೇಕಿನ ಎದುರು, ಅವಳ ಚಪ್ಪಲಿಗಳೆರಡೇ ಉಳಿದಿದ್ದವು, ಕಾರು ವೃತ್ತವನ್ನು ಬಳಸುವಾಗ ಜೊತೆಯಾಗಿ ಒಂದಿಷ್ಟೇ ವಾಲುತ್ತ.