ಹಳೇ ಗಿರಾಕಿಯ ಅಳತೆ

ದರ್ಜಿಗೊಂದು ಅಭ್ಯಾಸವಿತ್ತು. ಹೊಸ ಗಿರಾಕಿ ಬಂದರೆ ಟೇಪು ಹಿಡಿದು ಕುತ್ತಿಗೆಯಿಂದ ಹಿಮ್ಮಡಿಯವರೆಗೆ ಅಳೆಯುತ್ತಿದ್ದ. ಹಳೇ ಗಿರಾಕಿ ಬಂದರೆ ಟೇಪು ಮುಟ್ಟುತ್ತಲೇ ಇರಲಿಲ್ಲ. ಅಳತೆ ಪುಸ್ತಕದಲ್ಲಿ ಹೋದ ವರ್ಷದ ಪುಟ ತೆಗೆದು, ಆಸಾಮಿಯ ಹೊಟ್ಟೆಯ ಮೇಲೊಮ್ಮೆ ಕಣ್ಣಾಡಿಸಿ, ಬೇಕೆನಿಸಿದರೆ ಅರ್ಧ ಇಂಚು ಸಡಿಲ ಬಿಟ್ಟು ಬರೆದುಕೊಳ್ಳುತ್ತಿದ್ದ. "ಹಳೇ ಗಿರಾಕಿ, ಹಳೇ ಅಳತೆ. ಒಂದು ವರ್ಷದಲ್ಲಿ ಮನುಷ್ಯ ಎಷ್ಟು ಬದಲಾಗ್ತಾನೆ ಬಿಡಿ!" ಎನ್ನುವುದು ಅವನ ಮಾತು. ಈ ಅಭ್ಯಾಸದಿಂದ ತನ್ನ ಕೈಯಲ್ಲಿ ಕೆಟ್ಟದ್ದು ಎರಡೇ ಪ್ಯಾಂಟು ಎಂದು ಅವನು ಹೇಳಿಕೊಳ್ಳುತ್ತಿದ್ದ. ಗಿರಾಕಿಗಳನ್ನು ಕೇಳಿದರೆ ಬೇರೆಯೇ ಹೇಳುತ್ತಿದ್ದರು. ಅದಿರಲಿ, ಈಗ ಹೇಳಹೊರಟಿರುವುದು ಪ್ಯಾಂಟಿನ ವಿಷಯವಲ್ಲ.

ಅವನ ಹೆಂಡತಿ ಅವನಿಗೆ ತದ್ವಿರುದ್ಧ. ಅಂಗಡಿಯ ಹಿಂದಿನ ಖಾಲಿ ಜಾಗದಲ್ಲಿ ನಾಲ್ಕು ಕಾಲಿನ ಮೇಲೆ ಒಂದು ಬಿಳಿ ಮರದ ಪೆಟ್ಟಿಗೆ ನಿಂತಿತ್ತು. ಹವಾಮಾನ ಕಚೇರಿಯವರು ಇಟ್ಟದ್ದು. ಅದರೊಳಗಿನ ಥರ್ಮಾಮೀಟರುಗಳಲ್ಲಿ ಒಂದು ಮಹಾ ಹಟಮಾರಿ ಜಾತಿಯದು. ಬಿಸಿಲು ಏರಿದಂತೆ ಅದರ ಪಾದರಸ ಏರುತ್ತದೆ, ಬಿಸಿಲು ಇಳಿದರೆ ಇಳಿಯುವುದಿಲ್ಲ. ಎಲ್ಲಿಯವರೆಗೆ ಏರಿತ್ತೋ ಅಲ್ಲೇ ಕೂತಿರುತ್ತದೆ. ಬೆಳಿಗ್ಗೆ ಎಂಟೂವರೆಗೆ ಹೋಗಿ, ಅದು ತೋರಿಸುವ ಅಂಕಿಯನ್ನು ಪುಸ್ತಕದಲ್ಲಿ ಬರೆದು, ಆಮೇಲೆ ಕೈಯಲ್ಲಿ ಹಿಡಿದು ಜಾಡಿಸಿ ಇಳಿಸಬೇಕು. ಮೂವತ್ತೊಂದು ವರ್ಷದಿಂದ ಆಕೆ ಇದನ್ನು ಮಾಡುತ್ತಿದ್ದಳು. ತನಗೇ ನೂರಮೂರು ಜ್ವರವಿದ್ದ ದಿನವೂ ಗೋಡೆ ಹಿಡಿದುಕೊಂಡು ಹೋಗಿ ಪೆಟ್ಟಿಗೆಯ ಜ್ವರ ನೋಡಿ ಬಂದವಳು. ಓದು ಹತ್ತನೇ ಕ್ಲಾಸಿಗೇ ನಿಂತಿದ್ದರೂ ಬೀದಿಯವರೆಲ್ಲ ಅವಳನ್ನು ಡಿಗ್ರಿ ಅಕ್ಕ ಎಂದೇ ಕರೆಯುತ್ತಿದ್ದರು. ಮೊದಮೊದಲು ಗೇಲಿಗೆ ಕರೆದದ್ದು, ಆಮೇಲೆ ಅದೇ ಹೆಸರಾಯಿತು. ಬಟ್ಟೆ ಒಣಗಿಸುವ ಮೊದಲು ಅವಳನ್ನು ಒಂದು ಮಾತು ಕೇಳುವವರೂ ಇದ್ದರು.

ಮೂವತ್ತೊಂದು ವರ್ಷದಲ್ಲಿ ಅವಳ ಕೈ ತಪ್ಪಿದ್ದು ಹನ್ನೊಂದೇ ದಿನ. ಒಂಬತ್ತು ವರ್ಷದ ಹಿಂದೆ, ಬೇಸಿಗೆಯಲ್ಲಿ, ಮಗಳ ಹೆರಿಗೆಗೆಂದು ದೂರದ ಊರಿಗೆ ಹೋಗಿದ್ದಳು. ಆಗ ಪುಸ್ತಕವನ್ನು ಗಂಡನ ಕೈಗಿತ್ತು, ಓದುವುದು, ಜಾಡಿಸುವುದು ಎಲ್ಲವನ್ನೂ ಮೂರು ಸಲ ಹೇಳಿಕೊಟ್ಟಿದ್ದಳು.

ಹವಾಮಾನ ಕಚೇರಿಯ ಹುಡುಗಿ ಬಂದದ್ದು ಒಂದು ಮಂಗಳವಾರ ಮಧ್ಯಾಹ್ನ. ಮೂವತ್ತೂ ದಾಟಿರದ ವಿಜ್ಞಾನಿ, ಹೆಗಲಲ್ಲಿ ಲ್ಯಾಪ್‌ಟಾಪು, ಮುಖದಲ್ಲಿ ಸಂಕೋಚ. ನಾಲ್ಕೂವರೆಯ ಬಸ್ಸಿಗೆ ವಾಪಸು ಹೋಗಬೇಕೆಂದಳು. ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಒಂದು ನಕ್ಷೆ ಹರಡಿದಳು. ಮೂರು ದಿನ ರೈಲಿನಲ್ಲಿ ಹೋದರೂ ಮುಗಿಯದಷ್ಟು ದೊಡ್ಡ ಸೀಮೆ, ಅದರಲ್ಲಿ ನಲವತ್ತೆರಡು ಚುಕ್ಕೆ. ನಲವತ್ತೊಂದು ಕೆಂಪು, ನಟ್ಟನಡುವೆ ಒಂದು ಹಸಿರು.

"ಅಮ್ಮ, ಈ ಹಸಿರು ನೀವು" ಎಂದಳು ಹುಡುಗಿ. "ಒಂಬತ್ತು ವರ್ಷದ ಹಿಂದಿನ ಆ ಬೇಸಿಗೆ ಇದು. ಇಲ್ಲಿ ಒಳನಾಡಲ್ಲಿ ದೊಡ್ಡ ಸರೋವರ ಇತ್ತಲ್ಲ, ಆಗಲೇ ಅರ್ಧ ಬತ್ತಿಹೋಗಿತ್ತು. ನೆಲ ಒಣಗಿದ್ರೆ ಆವಿಯ ಜೊತೆ ಬಿಸಿ ಹೊರಗೆ ಹೋಗೋಕೆ ದಾರಿ ಇರಲ್ಲ, ಅಲ್ಲೇ ಕುದಿಯುತ್ತೆ. ಆ ಬಿಸಿಗಾಳಿ ಗುಡ್ಡ ಹತ್ತಿ ಇಳಿದು ಸಮುದ್ರದ ದಂಡೆವರೆಗೂ ಬಂತು. ತಂಪು ಗಾಳಿ ಒಳಗೆ ಬರೋಕೆ ಬಿಡಲೇ ಇಲ್ಲ. ಹನ್ನೊಂದು ದಿನ ಹಾಗೇ ಕೂತಿತ್ತು. ರೈಲು ಬಂದ ಹಾಗೆ ಒಂದೊಂದೇ ಸ್ಟೇಷನ್ ದಾಟಿದೆ, ಎಲ್ಲ ಕಡೆ ಬರ್ಕೊಂಡಿದ್ದಾರೆ. ನಿಮ್ಮೂರಲ್ಲಿ ಮಾತ್ರ ಆ ರೈಲನ್ನ ಯಾರೂ ನೋಡೇ ಇಲ್ಲ."

"ನಮ್ಮಲ್ಲಿ ಎಷ್ಟಿದೆ?"

"ಮೂವತ್ನಾಲ್ಕು, ಮೂವತ್ನಾಲ್ಕೂವರೆ. ಪಕ್ಕದ ಕೇಂದ್ರಗಳಲ್ಲಿ ನಲವತ್ಮೂರು, ನಲವತ್ನಾಲ್ಕು."

ಡಿಗ್ರಿ ಅಕ್ಕ ಸುಮ್ಮನೆ ಕೇಳುವವಳಲ್ಲ. ಪೆಟ್ಟಿಗೆ ತೋರಿಸಿದಳು, ಥರ್ಮಾಮೀಟರಿನ ಪರೀಕ್ಷೆಯ ಚೀಟಿಗಳನ್ನು ತಂದಿಟ್ಟಳು, ಮೂವತ್ತೊಂದು ವರ್ಷದ ಪುಸ್ತಕಗಳನ್ನು ಮಗುವಿನಂತೆ ಎತ್ತಿಕೊಂಡು ಬಂದಳು. ಹುಡುಗಿ ಎಲ್ಲವನ್ನೂ ನೋಡಿದಳು, ಒಂದು ತಪ್ಪೂ ಸಿಗಲಿಲ್ಲ. ಅದೇ ಕಷ್ಟಕ್ಕೆ ಬಂದದ್ದು.

"ಅಮ್ಮ, ನಿಮ್ಮ ಹತ್ರ ಇರೋ ಥರ ಒಂದು ದಿನ ಬಿಡದ ಪುಸ್ತಕ ಈ ಇಡೀ ನಕ್ಷೇಲಿ ಐದೇ ಇರೋದು. ಇದನ್ನ ಇಟ್ಕೊಂಡೇ ಮುಂದೆ ಎಲ್ಲೆಲ್ಲಿ ಎಷ್ಟು ಬಿಸಿಯಾಗುತ್ತೆ, ಯಾವಾಗ ಶಾಲೆ ಮುಚ್ಚಬೇಕು, ಆಸ್ಪತ್ರೇಲಿ ಎಷ್ಟು ಹಾಸಿಗೆ ಬೇಕು ಅಂತ ಹೇಳೋದು. ಆದ್ರೆ ಇಷ್ಟು ದೊಡ್ಡ ಬಿಸಿಯನ್ನೇ ನೋಡದ ಕೇಂದ್ರದ ಮಾತು ನಂಬೋದು ಹೇಗೆ ಅಂತಾರೆ ಸಮಿತಿಯವರು. ಕಾರಣ ಸಿಗದಿದ್ರೆ ಶುಕ್ರವಾರ ಪೂರ್ತಿ ಪಕ್ಕಕ್ಕೆ ಇಡ್ತಾರೆ."

"ಪೂರ್ತಿ ಅಂದ್ರೆ ಆ ಹನ್ನೊಂದು ದಿನ ತಾನೇ?"

"ಮೂವತ್ತೊಂದು ವರ್ಷ."

ಹೊಲಿಗೆ ಯಂತ್ರದ ಸದ್ದು ನಿಂತಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ದರ್ಜಿ ಹೆಗಲೇನೂ ಮುಟ್ಟಿಕೊಳ್ಳಲಿಲ್ಲ, ಪೆಡಲಿನ ಮೇಲಿದ್ದ ಕಾಲು ತಾನಾಗಿ ನಿಂತಿತು, ಅಷ್ಟೇ.

"ಆಗ ನಾನು ಇರಲಿಲ್ಲಮ್ಮ" ಎನ್ನುತ್ತಿದ್ದಳು ಹೆಂಡತಿ. "ಇವರೇ ಬರೆದಿದ್ದು. ಇವರ ಮೇಲೆ ಅನುಮಾನ ಬೇಡ. ಬಟ್ಟೆ ಅಳೆಯೋ ಕೈ, ನೂಲೆಳೆಯಷ್ಟೂ ತಪ್ಪಲ್ಲ."

ಅಯ್ಯೋ, ಅವಳು ಬೈದಿದ್ದರೆ ಅವನಿಗೆ ಎಷ್ಟೋ ಸಲೀಸಾಗುತ್ತಿತ್ತು.

ಆ ಬೇಸಿಗೆಯಲ್ಲಿ ಅವನ ತಲೆಯ ಮೇಲೆ ಇನ್ನೂರು ಶಾಲಾ ಸಮವಸ್ತ್ರಗಳಿದ್ದವು. ಮೊದಲ ದಿನ ಪೆಟ್ಟಿಗೆಯ ನೆನಪೇ ಬರಲಿಲ್ಲ. ನೆನಪಾದದ್ದು ಹನ್ನೊಂದು ಗಂಟೆಗೆ, ಆಗ ಹಿಂದಿನ ಅಂಗಳದಲ್ಲಿ ಕಾಲಿಡುವ ಹಾಗಿರಲಿಲ್ಲ. ಬಿಸಿಲು ಎಷ್ಟಿದೆಯೆಂದು ನೋಡಿ ಬರಲಾಗದಷ್ಟು ಬಿಸಿಲು! ದರ್ಜಿ ಏನು ಮಾಡಿಯಾನು? ಹೋದ ವರ್ಷದ ಪುಟ ತೆಗೆದ. ಅದೇ ತಾರೀಕಿಗೆ ಮೂವತ್ನಾಲ್ಕು ಪಾಯಿಂಟ್ ಎರಡು ಎಂದಿತ್ತು. ಅರ್ಧ ಇಂಚು ಸಡಿಲ ಬಿಡುವ ಹಾಗೆ ಮೂವತ್ನಾಲ್ಕು ಪಾಯಿಂಟ್ ನಾಲ್ಕು ಎಂದು ಬರೆದ. ಬೇಸಿಗೆಯೂ ಹಳೇ ಗಿರಾಕಿಯೇ ತಾನೇ, ಒಂದು ವರ್ಷದಲ್ಲಿ ಎಷ್ಟು ಬದಲಾದೀತು? ಮರುದಿನವೂ ಹಾಗೇ ಮಾಡಿದ. ಮೂರನೆಯ ದಿನಕ್ಕೆ ಅದು ಕೆಲಸದ ಕ್ರಮವೇ ಆಗಿಬಿಟ್ಟಿತು.

ಹತ್ತನೆಯ ದಿನ ಅತ್ತೆ ತೀರಿಕೊಂಡರು. ಹೆಂಡತಿಯ ತಾಯಿ, ಇವರ ಜೊತೆಯಲ್ಲೇ ಮಹಡಿಯ ತಗಡು ಮಾಡಿನ ಕೋಣೆಯಲ್ಲಿದ್ದವರು. ಮರುದಿನ ಬೆಳಿಗ್ಗೆ ಹೆಂಡತಿ ಬಾಣಂತಿ ಮಗಳನ್ನು ಬಿಟ್ಟು ಓಡಿ ಬಂದಳು. ಅಷ್ಟರಲ್ಲಿ ಗಾಳಿ ತಿರುಗಿ ಬಿಸಿ ಇಳಿದಿತ್ತು. ಬಿಸಿಲಿನ ಹೊಡೆತ ಇರಬಹುದು ಎಂದು ಡಾಕ್ಟರು ಹೇಳಿದ್ದರು. ಅವಳು ಹೋಗಿ ಪುಸ್ತಕ ತೆರೆದಳು. ಅದನ್ನು ಬಿಟ್ಟು ಬೇರೆ ಸಾಕ್ಷಿಯನ್ನು ಅವಳು ನಂಬುತ್ತಿರಲಿಲ್ಲ. ಬೀದಿಯವರು ಬಿಸಿಲಿಗೆ ಶಾಪ ಹಾಕುತ್ತಿದ್ದರು ನಿಜ, ಆದರೆ ಬೀದಿಯವರು ಪ್ರತಿ ವರ್ಷವೂ ಹಾಕುತ್ತಾರೆ. "ಹೋದ ವರ್ಷದಷ್ಟೇ ಇದೆಯಲ್ಲ. ಬಿಸಿಲಲ್ಲ ಇದು. ನಾನು ಬಿಟ್ಟು ಹೋದೆ ಅಂತ ಕೊರಗಿ ಹೋಗಿದ್ದಾಳೆ" ಎಂದಳು. ಗಂಡ ಬಾಯಿ ತೆರೆಯಲಿಲ್ಲ. ಆ ದಿನ ಹೇಳದ ಮಾತು ಮರುದಿನಕ್ಕೆ ಎರಡು ಪಟ್ಟು ಭಾರವಾಯಿತು, ವರ್ಷ ಕಳೆದ ಮೇಲೆ ಎತ್ತಲಾರದ ಹಾಗಾಯಿತು. ಮಗಳ ಎರಡನೆಯ ಹೆರಿಗೆಗೆ ಎಷ್ಟು ಕರೆದರೂ ಅವಳು ಹೋಗಲಿಲ್ಲ.

"ಅಂಕಲ್" ಎಂದು ಹುಡುಗಿ ಈಗ ಇವನ ಕಡೆ ತಿರುಗಿದಳು. "ಆಗ ಥರ್ಮಾಮೀಟರ್ ಏನಾದ್ರೂ ಕೆಟ್ಟಿತ್ತಾ? ಹಾಗಿದ್ರೆ ಹೇಳಿ, ಹಾಗೇ ಬರ್ಕೊಂಡು ಹೋಗ್ತೀನಿ."

ಹೂಂ ಎಂದರೆ ಮುಗಿಯುತ್ತಿತ್ತು. ಕೆಟ್ಟಿತ್ತು, ಪಾಪ, ಯಾರಿಗೂ ಗೊತ್ತಾಗಲಿಲ್ಲ. ದರ್ಜಿಯ ನಾಲಿಗೆ ತುದಿಗೆ ಹೂಂ ಬಂದೇ ಬಂತು.

"ಕೆಟ್ಟಿತ್ತು ಅಂದ್ರೆ?" ಹೆಂಡತಿ ಮಧ್ಯೆ ಕೇಳಿದಳು.

"ಅಲ್ಲಿಂದ ಈಚೆಯ ಒಂಬತ್ತು ವರ್ಷ ಬಿಡಬೇಕಾಗುತ್ತೆ ಅಮ್ಮ. ಮೊದಲಿಂದು ಉಳಿಸ್ಕೋಬಹುದೇನೋ."

ಅವಳು ಪುಸ್ತಕದ ರಾಶಿಯ ಮೇಲೆ ಅಂಗೈ ಇಟ್ಟಳು. ಅದನ್ನು ನೋಡಿ ದರ್ಜಿ ಯಂತ್ರ ಬಿಟ್ಟು ಎದ್ದ.

"ಕೆಟ್ಟಿರಲಿಲ್ಲ" ಎಂದ. "ನಾನೇ ಓದಲಿಲ್ಲ. ಹನ್ನೊಂದು ದಿನದಲ್ಲಿ ಒಂದು ದಿನಾನೂ ಓದಲಿಲ್ಲ. ಹೋದ ವರ್ಷದ ಪುಟ ನೋಡ್ಕೊಂಡು ಬರೆದೆ."

"ಏನು?" ಎಂದಳು ಹೆಂಡತಿ. ಒಂದೇ ಸಲ.

"ಅಳತೆ ಪುಸ್ತಕದ ಹಾಗೆ... ಹಳೇ ಅಳತೆ ಹಾಕಿದೆ ಕಣೇ."

ಹುಡುಗಿ ಹಿಂದಿನ ವರ್ಷದ ಪುಟ ತೆರೆದು ಎರಡರ ಮೇಲೂ ಬೆರಳಾಡಿಸಿದಳು. ಪಾಯಿಂಟ್ ಎರಡು, ಪಾಯಿಂಟ್ ಎರಡು, ಪಾಯಿಂಟ್ ಒಂದು. ಎಲ್ಲ ದಿನವೂ ಅಷ್ಟಷ್ಟೇ ಸಡಿಲ. ಅವಳಿಗೆ ನಗು ಬಂತು, ತಡೆದುಕೊಂಡಳು.

"ಆದ್ರೆ ನೀವು ಜಾಡಿಸಿಯೂ ಇರಲಿಲ್ಲ ಅಂದ್ರೆ, ಅಮ್ಮ ಬಂದಾಗ ಪಾದರಸ ಮೇಲೇ ಇರಬೇಕಿತ್ತಲ್ಲ? ಆ ಹನ್ನೊಂದು ದಿನದಲ್ಲಿ ಅತಿ ಹೆಚ್ಚು ಎಷ್ಟಾಗಿತ್ತೋ ಅಷ್ಟು?"

ದರ್ಜಿ ತಲೆ ತಗ್ಗಿಸಿದ. "ಇತ್ತು. ಇವಳ ಬಸ್ಸು ಬರೋಕೆ ಮುಂಚೆ ಹೋಗಿ ನೋಡಿದೆ. ಜಾಡಿಸಿ ಇಳಿಸಿಬಿಟ್ಟೆ."

"ಎಷ್ಟಿತ್ತು?"

"ನಲವತ್ನಾಲ್ಕು ಪಾಯಿಂಟ್ ಒಂದು." ಒಂಬತ್ತು ವರ್ಷವಾದರೂ ಅವನು ಅದನ್ನು ಯೋಚಿಸದೆ ಹೇಳಿದ.

ಹುಡುಗಿ ಲ್ಯಾಪ್‌ಟಾಪಿನಲ್ಲಿ ಏನೋ ಒತ್ತಿದಳು. ಅಕ್ಕಪಕ್ಕದ ಕೇಂದ್ರಗಳ ಲೆಕ್ಕದಂತೆ ಇಲ್ಲಿ ನಲವತ್ನಾಲ್ಕು ಬರಬೇಕಿತ್ತಂತೆ. ಹಾಗಾದರೆ ಪೆಟ್ಟಿಗೆ ಸರಿ, ಥರ್ಮಾಮೀಟರು ಸರಿ, ಉಳಿದ ಪುಸ್ತಕವೆಲ್ಲ ಸರಿ. "ಹನ್ನೊಂದು ದಿನ ಖಾಲಿ ಇದ್ರೆ ಸಮಿತಿಯವರು ಏನೂ ಅನ್ನಲ್ಲ. ಅವರಿಗೆ ಸುಳ್ಳು ಇರಬಾರದು ಅಷ್ಟೇ" ಎಂದಳು, ಅವಳಿಗೇ ಜೀವ ಬಂದಂತೆ.

ಆ ಪುಸ್ತಕಕ್ಕೊಂದು ನಿಯಮವಿದೆ. ಅಳಿಸುವ ಹಾಗಿಲ್ಲ. ತಪ್ಪಿನ ಮೇಲೆ ಒಂದೇ ಗೆರೆ ಎಳೆದು, ಓದುವ ಹಾಗೆ ಬಿಟ್ಟು, ಪಕ್ಕದಲ್ಲಿ ನಿಜ ಬರೆಯಬೇಕು. ಹೆಂಡತಿ ಪೆನ್ನನ್ನು ಗಂಡನ ಮುಂದಿಟ್ಟಳು. ಅವನು ಹನ್ನೊಂದು ಗೆರೆ ಎಳೆದು, ಹನ್ನೊಂದು ಸಲ 'ಓದಿಲ್ಲ' ಎಂದು ಬರೆದ. ಕೊನೆಯಲ್ಲಿ ಷರಾ ಅಂಕಣದಲ್ಲಿ ನಲವತ್ನಾಲ್ಕು ಪಾಯಿಂಟ್ ಒಂದು ಎಂದು ಬರೆದು ಸಹಿ ಹಾಕಿದ. ಹುಡುಗಿ ಅದರ ಫೋಟೊ ತೆಗೆದುಕೊಂಡು, ಚಹಾ ಕುಡಿದು, ಬಸ್ಸಿಗೆ ಹೋದಳು. ಅವಳ ಕೆಲಸ ಮುಗಿದಿತ್ತು.

ಇವರದು ಮುಗಿದಿರಲಿಲ್ಲ. ಹೆಂಡತಿ ಆ ಪುಟವನ್ನು ಮುಚ್ಚದೆ ಕೂತಿದ್ದಳು.

"ಹಾಗಾದ್ರೆ ಅಮ್ಮ ಬಿಸಿಲಿಗೇ ಹೋಗಿದ್ದು" ಎಂದಳು. "ನಾನು ಹೋಗಿದ್ದಕ್ಕಲ್ಲ."

"ಅಲ್ಲ."

"ಒಂಬತ್ತು ವರ್ಷ ರೀ."

ಅಲ್ಲಿಗೇ ಬಿಟ್ಟಿದ್ದರೆ ಯಾರೂ ಇನ್ನೇನೂ ಕೇಳುತ್ತಿರಲಿಲ್ಲ. ಆದರೆ ಬಾಯಿ ತೆರೆದಾಗಿತ್ತು, ಮತ್ತೆ ಮುಚ್ಚಿಕೊಂಡು ಇನ್ನೊಂದು ಒಂಬತ್ತು ವರ್ಷ ಬಾಳುವ ಶಕ್ತಿ ಅವನಿಗಿರಲಿಲ್ಲ.

"ಇನ್ನೂ ಒಂದಿದೆ ಕಣೇ. ಒಂಬತ್ತನೇ ದಿನ ಅತ್ತೆ ಮೆಟ್ಟಿಲ ತನಕ ಬಂದ್ರು. 'ಅಳಿಯಂದಿರೇ, ಈ ಸಲದ ಬಿಸಿಲು ಯಾಕೋ ಬೇರೆ ಥರ ಇದೆ. ಕೆಳಗೆ ಅಂಗಡೀಲಿ ಮಲಗ್ಲಾ?' ಅಂದ್ರು. ಅಂಗಡಿ ತುಂಬ ಸಮವಸ್ತ್ರ ಹರಡಿತ್ತು, ಕಾಲಿಡೋಕೆ ಜಾಗ ಇರಲಿಲ್ಲ. ನಾನು... ನಾನು ಪುಸ್ತಕ ತೆಗೆದು ತೋರಿಸ್ದೆ. 'ನೋಡಿ ಅತ್ತೆ, ಹೋದ ವರ್ಷದಷ್ಟೇ ಇದೆ, ನಿಮಗೆ ಸುಮ್ನೆ ಹಾಗನ್ಸುತ್ತೆ' ಅಂದೆ."

ಅವಳು ಪುಟದಿಂದ ಕಣ್ಣೆತ್ತಿ ಕೇಳಿದಳು. "ಅಮ್ಮ ಏನಂದ್ಳು?"

"ಕನ್ನಡಕ ಇರಲಿಲ್ಲ ಅವರ ಹತ್ರ. ಅಕ್ಷರ ನಂದು ಅಂತ ಗೊತ್ತಾಗಲಿಲ್ಲ. ಪುಸ್ತಕದ ಮೇಲೆ ಕೈಯಾಡಿಸಿ, 'ಮಗಳ ಪುಸ್ತಕ ಅಲ್ವಾ, ಸುಳ್ಳು ಹೇಳಲ್ಲ ಬಿಡಿ' ಅಂದು ಮೇಲೆ ಹೋದ್ರು."

ಅವಳು ಪುಸ್ತಕ ಮುಚ್ಚಿ, ರಾಶಿಯ ಮೇಲಿಟ್ಟು, ಮಹಡಿಯ ಕೋಣೆಗೆ ಹೋಗಿ ಕೂತಳು. ಅದರ ಕಿಟಕಿ ತೆರೆದ ಸದ್ದು ದರ್ಜಿಗೆ ಕೆಳಗೆ ಕೇಳಿಸಿತು.

ಶುಕ್ರವಾರ ಕಚೇರಿಯಿಂದ ಫೋನು ಬಂತು, ಮೂವತ್ತೊಂದು ವರ್ಷವೂ ಉಳಿಯಿತು. ಅದನ್ನವಳು ಗಂಡನಿಗೆ ಹೇಳಲಿಲ್ಲ, ಅವನು ಬೀದಿಯವರಿಂದ ತಿಳಿದುಕೊಂಡ. ಊಟ ಬಡಿಸುತ್ತಿದ್ದಳು, ಮಾತಿಲ್ಲ. ಎಷ್ಟು ದಿನ ಹಾಗೆ ನಡೆಯಿತೆಂದು ಅವನು ಎಣಿಸಲಿಲ್ಲ, ಆ ಮನೆಯಲ್ಲಿ ಎಣಿಸುವ ಕೆಲಸ ಅವಳದು. ಈ ಮಧ್ಯೆ ಹಳೇ ಗಿರಾಕಿಯೊಬ್ಬ ಬಂದು ಬಟ್ಟೆ ಕೊಟ್ಟು ಹೊರಟರೆ, ದರ್ಜಿ ಕೂಗಿ ಕರೆದು, "ಕೈ ಎತ್ತಿ ಸ್ವಾಮಿ" ಎಂದು ಟೇಪು ಹಾಕಿದ. "ನನ್ನ ಅಳತೆ ನಿನ್ನ ಹತ್ರ ಇದೆಯಲ್ಲಯ್ಯ!" ಎಂದು ಆತ ನಕ್ಕ. ದರ್ಜಿ ನಗಲಿಲ್ಲ. ಸೊಂಟ ಮೂರು ಇಂಚು ಹೆಚ್ಚಿತ್ತು.

ಆಮೇಲೊಂದು ಬೆಳಿಗ್ಗೆ, ಎಂಟೂವರೆಗೆ, ಹಿಂದಿನ ಅಂಗಳದಿಂದ ಅವಳ ದನಿ ಬಂತು. "ರೀ, ಸ್ವಲ್ಪ ಬನ್ನಿ ಇಲ್ಲಿ."

ಅವನು ಸೂಜಿಯನ್ನು ಅಂಗಿಗೆ ಚುಚ್ಚಿಕೊಂಡು ಓಡಿದ. ಪೆಟ್ಟಿಗೆಯ ಬಾಗಿಲು ತೆರೆದಿತ್ತು. ಅವಳು ಪುಸ್ತಕ ಹಿಡಿದು ನಿಂತಿದ್ದಳು.

"ಓದಿ" ಎಂದಳು.

ಅವನು ಬಗ್ಗಿ, ಕಣ್ಣು ಕಿರಿದು ಮಾಡಿ, ಉಸಿರು ಬಿಗಿಹಿಡಿದು ನೋಡಿದ. "ಮೂವತ್ತೊಂಬತ್ತು ಪಾಯಿಂಟ್ ಎರಡು."

ಅವಳು ಅವನನ್ನು ಪಕ್ಕಕ್ಕೆ ಸರಿಸಿ, ತಾನೂ ಬಗ್ಗಿ ಇನ್ನೊಮ್ಮೆ ನೋಡಿದಳು. ಆಮೇಲೆ ಬರೆದಳು.