ಕುಸುಮಳ ಮೊಣಕೈ

ಗುರುವಾರ ಬೆಳಿಗ್ಗೆ ಚಂದ್ರಾ ಲೇಔಟಿನ ಆ ಮೂರಂತಸ್ತಿನ ಮನೆಯ ಮುಂದೆ ಒಂದು ಟೆಂಪೋ ಬಂದು ನಿಂತಿತು. ಅದರಲ್ಲಿ ಎರಡು ಒಂಟಿ ಮಂಚಗಳಿದ್ದವು. ಭೈರೇಶ ಗೇಟಿನ ಬಳಿ ನಿಂತು, ಮಾತಿಗೆ ಸಿಕ್ಕ ಎದುರುಮನೆಯವರಿಗೆ, "ಇನ್ಮೇಲೆ ನಂಗೊಂದು, ಅವಳಿಗೊಂದು. ಇಪ್ಪತ್ತು ವರ್ಷದಿಂದ ಈ ಯಮ್ಮ ನನ್ನ ನೆಮ್ಮದಿಯಾಗಿ ಮಲಗಕ್ಕೆ ಬಿಟ್ಟಿಲ್ಲ ಸಾರ್. ಪಕ್ಕೆಗೆ ತಿವೀತಾಳೆ" ಎಂದು ನಗುತ್ತಿದ್ದ. ಅರವತ್ತೊಂದು ವರ್ಷದ ಮನುಷ್ಯ, ಮೂರು ಬಾಡಿಗೆ ಮನೆ, ಒಂದು ಹಾರ್ಡ್‌ವೇರ್ ಅಂಗಡಿಯ ಯಜಮಾನ, ಆಟಿಕೆ ಸಿಕ್ಕ ಹುಡುಗನ ಹಾಗೆ ಕುಣಿಯುತ್ತಿದ್ದ.

ಒಳಗೆ ಬಾಣಂತಿ ಕೋಣೆಯ ಕಿಟಕಿಯಲ್ಲಿ ನಿಂತು ಇದನ್ನು ನೋಡಿದ ಅವನ ಹೆಂಡತಿ ಕುಸುಮಳಿಗೆ ನಗು ಬರಲಿಲ್ಲ. ಆ ಎರಡು ಮಂಚ ಮಹಡಿ ಹತ್ತಿದರೆ ತನ್ನ ಗಂಡ ಉಳಿಯುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಗೊತ್ತಿದ್ದದ್ದು ಈ ಮನೆಯಲ್ಲಿ ಅವಳೊಬ್ಬಳಿಗೇ.

ಭೈರೇಶನಿಗೆ ನಿದ್ದೆಯಲ್ಲಿ ಉಸಿರು ನಿಲ್ಲುತ್ತಿತ್ತು. ಗೊರಕೆ ಏರಿ ಏರಿ, ಥಟ್ಟನೆ ನಿಂತುಹೋಗುವುದು. ಆಮೇಲೆ ಎದೆ ಏಳುವುದಿಲ್ಲ, ಮೂಗಿನ ಬಳಿ ಕೈ ಹಿಡಿದರೆ ಗಾಳಿ ಇಲ್ಲ. ಆಗ ಕುಸುಮ ಮೊಣಕೈಯಿಂದ ಪಕ್ಕೆಗೆ ಒಂದು ತಿವಿತ ಕೊಡಬೇಕು. ಬಾವಿಯಲ್ಲಿ ಮುಳುಗಿದವನು ಮೇಲೆ ಬಂದ ಹಾಗೆ ಒಮ್ಮೆ ಉಸಿರೆಳೆದುಕೊಂಡು ಮಗ್ಗುಲು ಬದಲಿಸುತ್ತಾನೆ. ಮಗಳು ಲತಾ ಎರಡನೇ ಕ್ಲಾಸಿನಲ್ಲಿದ್ದಾಗ ಶುರುವಾದದ್ದು, ಈಗ ಇಪ್ಪತ್ತೆರಡು ವರ್ಷ.

ಅವಳು ಇದನ್ನು ಗಂಡನಿಗೆ ಹೇಳಿರಲೇ ಇಲ್ಲ. ಅವನ ಅಪ್ಪ ರಾಮಯ್ಯ ಅರವತ್ತೊಂದಕ್ಕೆ, ರಾತ್ರಿ ಮುದ್ದೆ ಉಂಡು ಮಲಗಿದವರು, ಬೆಳಿಗ್ಗೆ ಏಳಲಿಲ್ಲ. ಸೈಟಿನ ಗಡಿಗಾಗಿ ಯಾರ ಮೇಲೆ ಬೇಕಾದರೂ ಏರಿ ಹೋಗುತ್ತಿದ್ದ ಭೈರೇಶನಿಗೆ ಆ ಒಂದು ಸಾವಿನ ಮಾತೆತ್ತಿದರೆ ಮುಖ ಬಿಳಿಚಿಕೊಳ್ಳುತ್ತಿತ್ತು. ನಿಜ ಹೇಳಿದರೆ ಈತ ಮತ್ತೆ ಕಣ್ಣು ಮುಚ್ಚುವುದಿಲ್ಲ ಎಂದುಕೊಂಡಳು ಕುಸುಮ. ತಾನು ಪಕ್ಕದಲ್ಲೇ ಇರುತ್ತೇನಲ್ಲ, ಸಾರಿಗೆ ಉಪ್ಪು ಹಾಕಿದಷ್ಟೇ ಸಹಜವಾಗಿ ಮಾಡಿಕೊಂಡು ಹೋದರಾಯಿತು, ಇದನ್ನೇನು ಊರಿಗೆಲ್ಲ ಸಾರುವುದು ಅಂದುಕೊಂಡಳು. ದಡ್ಡತನ. ಶುದ್ಧ ದಡ್ಡತನ. ತಾನೊಬ್ಬಳು ಆ ಮಂಚದಿಂದ ಕೆಳಗಿಳಿಯುವ ದಿನವೂ ಬರಬಹುದು ಎಂದು ಅವಳಿಗೆ ಹೊಳೆದೇ ಇರಲಿಲ್ಲ.

ಆ ದಿನ ಬಂದದ್ದು ಲತಾ ಹೆರಿಗೆಗೆ ಬಂದಾಗ. ಅತ್ತೆ ಲಿಂಗಮ್ಮನದು ಒಂದು ಕಟ್ಟಳೆ ಇತ್ತು. ಬಾಣಂತನ ಮಾಡುವವಳು ಐದು ತಿಂಗಳು ಬಾಣಂತಿ ಕೋಣೆಯಲ್ಲೇ ಮಲಗಬೇಕು, ಗಂಡನ ಕೋಣೆಗೆ ಕಾಲಿಡಬಾರದು, ಇಟ್ಟರೆ ಮಗುವಿಗೆ ಸೋಂಕು. ಎಂಬತ್ತೆರಡು ವರ್ಷದ ಲಿಂಗಮ್ಮನ ಮಾತಿಗೆ ಆ ಮನೆಯಲ್ಲಿ ಎದುರಾಡಿದವರಿಲ್ಲ. ಭೈರೇಶ ಮೇಲಿನ ಮಹಡಿಯಲ್ಲಿ ಒಬ್ಬನೇ ಉಳಿದ.

ಮೊದಲ ವಾರ ಕುಸುಮ ಕದ್ದು ಮೆಟ್ಟಿಲು ಹತ್ತಿದಳು. ಮಗುವಿನ ಬಟ್ಟೆ ಒಣಗಿದೆಯಾ ನೋಡುವ ನೆಪ, ನೀರಿನ ಟ್ಯಾಂಕ್ ತುಂಬಿತಾ ನೋಡುವ ನೆಪ. ಹೋಗಿ, ಒಂದು ತಿವಿತ ಕೊಟ್ಟು, ಇಳಿದು ಬರುವಳು. ಒಂದು ದಿನ ಲಿಂಗಮ್ಮನ ಕೈಗೆ ಸಿಕ್ಕಿಬಿದ್ದಳು.

"ಏನಮ್ಮಿ ಇದು? ಮೊಮ್ಮಗು ಕಂಡ ಮೇಲೂ ನಿಂಗೆ ಈ ಚಪಲವಾ? ಐದು ತಿಂಗಳು ತಡ್ಕೊಳಕ್ಕೆ ಆಗಲ್ವಾ?"

ಕುಸುಮಳ ಮುಖ ಕೆಂಪಾಯಿತು. ಬಾಯಲ್ಲಿ ಬಿಸಿತುಪ್ಪ, ನುಂಗುವಂತಿಲ್ಲ, ಉಗುಳುವಂತಿಲ್ಲ. ಲತಾ ಕೂಡ ಹಾಸಿಗೆಯಲ್ಲಿ ಮುಸಿಮುಸಿ ನಕ್ಕಳು. ಭೈರೇಶನೋ ನಿದ್ದೆ ಕೆಡುತ್ತದೆಂದು ಬಾಗಿಲಿಗೆ ಒಳಗಿನಿಂದ ಚಿಲಕ ಹಾಕತೊಡಗಿದ. ಆಮೇಲೆ ಅವಳು ಆ ಬಾಗಿಲಿಗೆ ಕಿವಿಯಿಟ್ಟು ನಿಲ್ಲುತ್ತಿದ್ದಳು. ಗೊರಕೆ ಕೇಳುತ್ತಿದ್ದರೆ ಸ್ವರ್ಗ, ನಿಂತರೆ ನರಕ. ನಿಂತಾಗಲೆಲ್ಲ ಬಾಗಿಲು ಬಡಿಯುತ್ತಿದ್ದಳು. ಮೂರನೇ ಸಲ ಎದ್ದು ಬಂದ ಭೈರೇಶ, "ನಿಂಗೇನು ಹುಚ್ಚಾ? ನಾಳೇನೇ ಬೇರೆ ಮಂಚ ಮಾಡ್ಸ್ತೀನಿ. ಬಾಣಂತನ ಮುಗಿದ ಮೇಲೂ ನನ್ನ ಪಕ್ಕ ಬರ್ಬೇಡ" ಎಂದು ಕೂಗಿದ್ದ. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಅನ್ನುತ್ತಾರೆ. ಮಲಗುವ ಜಾಗಕ್ಕೇ ಜಗಳ ಬಿದ್ದರೆ ಏನು ಮಾಡಬೇಕೋ, ಆ ಗಾದೆ ಕಟ್ಟಿದವರು ಹೇಳಿಲ್ಲ.

ಮಗುವಿಗೆ ಒಂದೂವರೆ ತಿಂಗಳ ಲಸಿಕೆ ಹಾಕಿಸಲು ಹೋದಾಗ ಕುಸುಮ ಅಲ್ಲಿನ ಡಾಕ್ಟರನ್ನು ಪಕ್ಕಕ್ಕೆ ಕರೆದು ಕೇಳಿದ್ದಳು. "ಅದು ಕಾಯಿಲೆ ಅಮ್ಮಾ, ಮೆಷಿನ್ ಹಾಕ್ಕೊಂಡು ಮಲಗಿದ್ರೆ ಸರಿ ಹೋಗುತ್ತೆ. ಅವರನ್ನ ದೊಡ್ಡಾಸ್ಪತ್ರೆಗೆ ಕರ್ಕೊಂಡು ಹೋಗಿ, ತಡ ಮಾಡ್ಬೇಡಿ" ಎಂದಿದ್ದರು ಆಕೆ. ಗಂಡನಿಗೆ ಆಸ್ಪತ್ರೆಯ ಮಾತೆತ್ತಿದರೆ, "ಗೊರಕೆಗೆ ಯಾವನಾದ್ರೂ ಡಾಕ್ಟರ್ ಹತ್ರ ಹೋಗ್ತಾನಾ?" ಎಂದು ಎದ್ದು ಹೋಗಿದ್ದ.

ಟೆಂಪೋದವರು ಮಂಚಗಳನ್ನು ಹಾಲಿನಲ್ಲಿ ಇಳಿಸಿದರು. ಮೇಲಿನ ಹಳೆಯ ತೇಗದ ಜೋಡಿ ಮಂಚ ಬಿಚ್ಚಲು ಊಟ ಮಾಡಿ ಬರುತ್ತೇವೆ ಎಂದು ಹೊರಟರು. ಕುಸುಮ ಆಗ ತಡೆಯಲಾರದೆ ಹಾಲಿಗೆ ಬಂದು ನಿಂತಳು. ಅತ್ತೆ ಇದ್ದಳು, ಮಗಳು ಮಗುವನ್ನೆತ್ತಿಕೊಂಡು ನಿಂತಿದ್ದಳು.

"ರೀ, ಈ ಮಂಚ ವಾಪಸ್ ಕಳ್ಸಿ. ನಿಮಗೆ ನಿದ್ದೇಲಿ ಉಸಿರು ನಿಲ್ಲುತ್ತೆ. ಅದಕ್ಕೇ ನಾನು ತಿವಿಯೋದು. ನನ್ನ ಮಾತು ನಂಬಿ."

ಭೈರೇಶ ಒಂದು ಕ್ಷಣ ಅವಳನ್ನೇ ನೋಡಿ, ಜೋರಾಗಿ ನಕ್ಕ. "ಉಸಿರು ನಿಂತಿದ್ರೆ ಇಷ್ಟು ದಿನ ಹೆಂಗೆ ಬದುಕಿದ್ನೇ ನಾನು? ನೀನು ಕೆಳಗೆ ಮಲಗಿ ಐವತ್ತು ದಿನ ಆಯ್ತು, ಗುಂಡುಕಲ್ಲಿನ ಹಾಗಿದೀನಿ."

ಆ ಐವತ್ತು ರಾತ್ರಿಯೂ ಬಾಗಿಲು ಬಡಿದು ಬಡಿದು ಉಸಿರು ತರಿಸಿದ್ದು ತಾನೇ ಎಂದು ಕುಸುಮ ಹೇಳುವಷ್ಟರಲ್ಲಿ, "ಅಮ್ಮ, ಸುಮ್ನೆ ಇರಮ್ಮ, ಎದುರುಮನೆಯವ್ರು ಕೇಳಿಸ್ಕೊಂಡ್ರೆ ಏನಂದ್ಕೋತಾರೆ?" ಎಂದಳು ಲತಾ. ಲಿಂಗಮ್ಮ ಸೆರಗನ್ನು ಬಾಯಿಗಿಟ್ಟುಕೊಂಡು ಗೋಡೆಯ ಕಡೆ ತಿರುಗಿದಳು. ತನ್ನ ಪರವಾಗಿ ನಾಚಿಕೆ ಇರಬೇಕು ಅಂದುಕೊಂಡಳು ಕುಸುಮ.

ಮಧ್ಯಾಹ್ನ ಮುದ್ದೆ, ಅವರೆಕಾಳಿನ ಸಾರು ಉಂಡ ಭೈರೇಶ, ಹೇಗಿದೆ ನೋಡೋಣ ಎಂದು ಹಾಲಿನ ಹೊಸ ಮಂಚದ ಮೇಲೆ ಅಂಗಾತ ಮಲಗಿದ. ಚಿಂತೆಯಿಲ್ಲದವನಿಗೆ ಸಂತೆಯಲ್ಲೂ ನಿದ್ದೆ. ಐದು ನಿಮಿಷದಲ್ಲಿ ಗೊರಕೆ ಎದ್ದಿತು, ಏರಿತು, ನಿಂತಿತು.

ತಟ್ಟೆ ತೊಳೆಯುತ್ತಿದ್ದ ಕುಸುಮ ಒದ್ದೆ ಕೈಯಲ್ಲೇ ಓಡಿ ಬಂದಳು. ಮೊಣಕೈ ತಾನಾಗಿಯೇ ಎದ್ದಿತು. ಆದರೆ ತಡೆದುಕೊಂಡಳು. ಈಗ ತಿವಿದರೆ ಇವರು ಯಾರೂ ಏನೂ ನೋಡುವುದಿಲ್ಲ, ಸಂಜೆಗೆ ಮಂಚ ಮೇಲೆ ಹೋಗುತ್ತದೆ, ಬಾಗಿಲಿಗೆ ಚಿಲಕ ಬೀಳುತ್ತದೆ. ತೊಟ್ಟಿಲ ಬಳಿ ಕೂತಿದ್ದ ಲತಾಳ ರಟ್ಟೆ ಹಿಡಿದು ಎಳೆದು ತಂದಳು.

"ನೋಡೇ. ಅವರ ಎದೆ ನೋಡು."

"ಏನಮ್ಮ..."

"ನೋಡು ಅಂದೆ!"

ಲತಾ ನೋಡಿದಳು. ಎದೆ ಏಳಲಿಲ್ಲ. ಕುಸುಮ ಮನಸ್ಸಿನಲ್ಲೇ ಎಣಿಸುತ್ತಿದ್ದಳು, ಎಂಟು, ಒಂಬತ್ತು, ಹತ್ತು. ಇಪ್ಪತ್ತೆರಡು ವರ್ಷದಲ್ಲಿ ಒಮ್ಮೆಯೂ ಅವಳು ಹತ್ತಕ್ಕಿಂತ ಮುಂದೆ ಹೋಗಿರಲಿಲ್ಲ. ದೇವರೇ, ನಾನೇ ಕೊಲ್ಲುತ್ತಿದ್ದೇನಲ್ಲ ಅನ್ನಿಸಿತು. ಹದಿನೈದು. ಅವನ ತುಟಿ ಕಪ್ಪಿಡುತ್ತಿತ್ತು. ಲತಾ, "ಅಪ್ಪ... ಅಮ್ಮ, ಅಪ್ಪ ಯಾಕೆ..." ಎನ್ನುತ್ತ ಬಾಯಿಗೆ ಕೈ ಇಟ್ಟುಕೊಂಡಳು. ಹದಿನೆಂಟು. ಮೂಲೆಯಲ್ಲಿ ಎಲೆಅಡಿಕೆ ಹಾಕಿಕೊಳ್ಳುತ್ತಿದ್ದ ಲಿಂಗಮ್ಮ ತಟ್ಟೆ ಬಿಸಾಕಿ ಎದ್ದಳು.

"ತಿವಿಯೇ! ತಿವಿ ಅವನ್ನ, ಮುಂಡೇದೇ, ನಿಂತ್ಕೊಂಡು ನೋಡ್ತೀಯಲ್ಲ, ತಿವಿ!"

ಕುಸುಮ ಬಲವೆಲ್ಲ ಹಾಕಿ ತಿವಿದಳು. ಭೈರೇಶ ದೊಡ್ಡದಾಗಿ ಉಸಿರೆಳೆದು ಕಣ್ಣು ಬಿಟ್ಟ.

"ನೋಡಿದ್ರಾ? ಮತ್ತೆ ಶುರು ಹಚ್ಕೊಂಡ್ಲು" ಎಂದವನು, ಮಗಳ ಮುಖ ನೋಡಿ ಎದ್ದು ಕೂತ. ಲಿಂಗಮ್ಮ ನೆಲದ ಮೇಲೆ ಕುಸಿದು ಕೂತು ಅಳುತ್ತಿದ್ದಳು.

"ನಿಮ್ಮಪ್ಪನ್ದೂ ಹಿಂಗೇ ಕಣ್ ಮಗಾ. ನಾನೂ ಹಿಂಗೇ ತಿವೀತಿದ್ದೆ. ನಿನ್ ತಂಗಿ ಹೆತ್ತು ಮನೇಗೆ ಬಂದಾಗ ನಾನು ಅವಳ್ ಕೋಣೇಲಿ ಮಲಗಿದ್ದೆ. ಅವತ್ತೇ ಹೋದ್ರು. ಸೋಂಕು ಗೀಂಕು ಅಂದ್ಕೊಂಡು ನಾನು ಕೆಳಗೇ ಮಲಗಿದ್ದೆ. ನಿಂಗೂ ಅದೇ ಅಂತ ಇವಳು ಹೇಳ್ದಾಗ್ಲೂ ನಂಬಕ್ಕೆ ಧೈರ್ಯ ಬರ್ಲಿಲ್ಲ." ಆಮೇಲೆ ಸೊಸೆಯ ಕಡೆ ತಿರುಗಿ, "ಇವತ್ತಿಂದ ನೀನು ಮೇಲಕ್ಕೆ ಹೋಗವ್ವ. ಕೂಸ್ನ ನಾನು ನೋಡ್ಕೋತೀನಿ" ಎಂದಳು.

ಲತಾ ಆಸ್ಪತ್ರೆಗೆ ಫೋನ್ ಮಾಡಿದಳು. ನಾಳೆ ಹತ್ತು ಗಂಟೆಗೆ ಬನ್ನಿ ಎಂದರು. ಮಂಚ ಬಿಚ್ಚಲು ಬಂದ ಟೆಂಪೋದವರನ್ನು ಅವಳೇ ಬಾಗಿಲಲ್ಲಿ ಮಾತಾಡಿಸಿ ವಾಪಸ್ ಕಳಿಸಿದಳು.

ಭೈರೇಶ ಹೊಸ ಮಂಚದ ಅಂಚಿನಲ್ಲಿ ತುಂಬಾ ಹೊತ್ತು ಕೂತಿದ್ದ. ಮುಖ ಬಿಳಿಚಿಕೊಂಡಿತ್ತು, ಕುಸುಮ ಇಪ್ಪತ್ತೆರಡು ವರ್ಷದಿಂದ ಹೆದರಿದ್ದು ಈ ಮುಖಕ್ಕೇ.

"ಮಲ್ಕೊಳ್ಳಿ. ಪಕ್ಕದಲ್ಲೇ ಇದೀನಿ" ಎಂದಳು.

"ನಂಗಿನ್ನು ನಿದ್ದೆ ಬರಲ್ಲ ಕಣೇ." ತಲೆ ಎತ್ತಿ ಕೇಳಿದ, "ಇಪ್ಪತ್ತೆರಡು ವರ್ಷ ನಾನು ಮಲಗಿದ್ದೆ. ನೀನ್ ಯಾವಾಗ ಮಲಗ್ತಿದ್ದೆ?"

ಇದನ್ನು ಕುಸುಮ ಲೆಕ್ಕ ಹಾಕಿಯೇ ಇರಲಿಲ್ಲ. ಇನ್ನೊಂದು ಮಂಚವನ್ನು ದರದರ ಎಳೆದು ಅವನ ಮಂಚಕ್ಕೆ ತಾಗಿಸಿ ಮಲಗಿದಳು. ಭೈರೇಶನೂ ಮಲಗಿ, ಎರಡು ಮಂಚಗಳ ನಡುವಿನ ಸಂದಿನ ಮೇಲಿಂದ ಕೈ ಚಾಚಿ ಅವಳ ಮೊಣಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡ. ಸಂಜೆ ದೀಪ ಹಚ್ಚುವ ತನಕವೂ ಇಬ್ಬರೂ ಫ್ಯಾನ್ ನೋಡುತ್ತ ಹಾಗೇ ಇದ್ದರು, ಯಾರಿಗೂ ನಿದ್ದೆ ಬರಲಿಲ್ಲ.