ಡಾಕ್ಟರು ‘ಇನ್ ಹೇಳ್’ ಅಂದಾಗ

ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿ ತಿರಕಪ್ಪನಿಗೆ ಕೆಮ್ಮು ಹತ್ತಿ ಬಿಡಲೊಲ್ಲದು. ಹೆಂಡತಿ ಭರಮವ್ವ ಒಂದೇ ಹಟ ಹಿಡಿದಿದ್ದಳು. “ಇದು ಕಾಯಿ ಘಾಟು. ಡಾಕ್ಟರ್ ಹೂಂ ಅಂದ್ರ ಅಂಗಡಿ ಮಾರಿ ಹಲಗೇರ್ಯಾಗಿನ ನಮ್ಮ ಹೊಲಕ್ಕ ಹೋಗೂದ.”

ತಿರಕಪ್ಪನಿಗೆ ಅಂಗಡಿಯೆಂದರೆ ಜೀವ. ಕೆಮ್ಮಿಗೆ ಕಾರಣ ಘಾಟಲ್ಲ, ಅಂಗಡಿಯ ಹಿಂದೆ ಕದ್ದು ಸೇದುವ ಬೀಡಿ ಎಂಬುದು ಅವನಿಗೆ ಚೆನ್ನಾಗಿ ಗೊತ್ತು. ಆದರೆ ಬೀಡಿ ಬಿಟ್ಟೆನೆಂದು ದೇವರ ಮುಂದೆ ಹೆಂಡತಿಗೆ ಆಣೆ ಮಾಡಿಯಾಗಿತ್ತು. ಹೇಳಿದರೆ ಮಾನ ಹೋಗುತ್ತದೆ, ಹೇಳದಿದ್ದರೆ ಅಂಗಡಿ ಹೋಗುತ್ತದೆ. ಬಾಯಲ್ಲಿ ಬಿಸಿತುಪ್ಪ ಇಟ್ಟುಕೊಂಡೇ ಹೆಂಡತಿಯ ಜೊತೆ ರಾಣೆಬೆನ್ನೂರಿನ ಆಸ್ಪತ್ರೆಗೆ ಬಂದ.

ಡಾಕ್ಟರು ಮೈಸೂರು ಕಡೆಯ ಹುಡುಗ. ವಯಸ್ಸು ಚಿಕ್ಕದು, ಅವಸರ ದೊಡ್ಡದು. ಬೆನ್ನಿಗೆ ಸ್ಟೆಥಾಸ್ಕೋಪ್ ಹಚ್ಚಿ, “ಇನ್‌ಹೇಲ್” ಎಂದರು.

ತಿರಕಪ್ಪನ ಕಿವಿಗೆ ಬಿದ್ದದ್ದು ‘ಇನ್ ಹೇಳ್’. ಮೊಮ್ಮಗನ ವಯಸ್ಸಿನವನು, ‘ರಿ’ ಇಲ್ಲ, ಗಿರಿ ಇಲ್ಲ! ಸಿಟ್ಟು ನುಂಗಿ, “ಏನ್ ಹೇಳ್ಲಿ?” ಎಂದ.

“ಇನ್‌ಹೇಲ್! ಜೋರಾಗಿ!”

ಎದೆಯೊಳಗಿನ ಸದ್ದನ್ನೆಲ್ಲ ಕೇಳಿಸಿಕೊಂಡವರ ಮುಂದೆ ಇನ್ನು ಮುಚ್ಚಿಡುವುದೇನು? ತಿರಕಪ್ಪ ಸೋತ. ಜೋರಾಗಿ ಎಂದದ್ದಕ್ಕೆ ಜೋರಾಗಿಯೇ ಹೇಳಿದ. “ಹೇಳ್ತೇನ್ರೀಪಾ! ದಿನಾ ಅಂಗಡಿ ಹಿಂದ ಕುಂತು ಬೀಡಿ ಸೇದ್ತೇನಿ. ದೇವರ ಮುಂದ ಮಾಡಿದ ಆಣಿ ಸುಳ್ಳು. ಮೆಣಸಿನಕಾಯಿದೇನೂ ತಪ್ಪಿಲ್ರಿ!”

ಹೊರಗೆ ಪಾಳಿ ಹಚ್ಚಿದ್ದವರೆಲ್ಲ ಒಳಗೆ ಇಣುಕಿದರು. ಡಾಕ್ಟರು ನಗು ತಡೆದುಕೊಂಡು, “ಯಜಮಾನ್ರೇ, ಇನ್‌ಹೇಲ್ ಅಂದ್ರೆ ಉಸಿರು ಒಳಗೆ ಎಳ್ಕೊಳ್ಳೋದು. ಗಾಳೀನೂ ಇನ್‌ಹೇಲ್ ಮಾಡಬಹುದು, ಔಷಧೀನೂ ಮಾಡಬಹುದು. ನೀವು ಮಾಡ್ತಿರೋದು ಬೀಡಿ ಹೊಗೆ” ಎಂದರು.

“ಒಳಗ ಎಳಕೊಳ್ಳೂದಕ್ಕ ‘ಹೇಳ್’ ಅಂದ್ರ ಮನಷ್ಯಾ ಏನ್ ತಿಳ್ಕೋಬೇಕ್ರಿ?” ಎಂದು ತಿರಕಪ್ಪ ಇಂಗ್ಲಿಷಿನ ಮೇಲೆ ಹರಿಹಾಯ್ದ. ಹೆಂಡತಿಯ ಕಡೆ ನೋಡುವ ಧೈರ್ಯ ಮಾತ್ರ ಬರಲಿಲ್ಲ.

ಬಸ್‌ಸ್ಟ್ಯಾಂಡಿನಲ್ಲಿ ಭರಮವ್ವ ಅವನಿಗೆ ಬೆನ್ನು ಹಾಕಿ ಕುಳಿತಳು. ಅವನಿಗೆ ತಡೆಯಲಾಗಲಿಲ್ಲ. “ಒಮ್ಮೆ ಬೈದಾದ್ರೂ ಬಿಡು.”

“ಬೀಡಿ ವಾಸನಿ ನನಗ ಗೊತ್ತಾಗಂಗಿಲ್ಲಂತ ತಿಳಿದ್ರೇನು? ಅಂಗಡಿ ಮಾರೂ ಮನಸು ನನಗೂ ಇರಲಿಲ್ಲ. ಹಂಗಂದ್ರ ಹೆದರಿ ನೀವ ಬಾಯಿ ಬಿಡ್ತೀರಂತ ಕಾಯಾಕತ್ತಿದ್ದೆ.” ಅವಳ ಕಣ್ಣು ತುಂಬಿದವು. “ನೀವು ಅಂಗಡಿ ಹೋದ್ರ ಹೋಗ್ಲಿ ಅಂತ ಇಲ್ಲೀತನಕ ಬಂದ್ರಿ. ನನ್ನ ಮುಂದ ಒಂದು ಖರೇ ಹೇಳಲಿಲ್ಲ.”

ಆ ಮಾತು ತಿರಕಪ್ಪನ ಎದೆಗೆ ನಾಟಿತು. ಕಿಸೆಯಿಂದ ಬೀಡಿ ಕಟ್ಟು ತೆಗೆದು ಅವಳ ಕೈಗೆ ಕೊಟ್ಟ.

ಭರಮವ್ವ ಸೆರಗಿನಿಂದ ಕಣ್ಣೊರೆಸಿಕೊಂಡು, “ಇದೊಂದ ಐತೇನು?” ಎಂದಳು.

ತಿರಕಪ್ಪ ಮೆಲ್ಲಗೆ ಇನ್ನೊಂದು ಕಿಸೆಗೂ ಕೈ ಹಾಕಿದ.